ಸಿಡಿಯ ಮೇಲೆ ನನ್ನದೇ ಅಕ್ಷರ

ನರಗುಂದದಲ್ಲಿ ಟೈಪಿಂಗ್ ಕಲಿಸುವ ಹಸೀನಾ ಅಕ್ಕನಿಗೆ ಹೊಸ ಕಂಪ್ಯೂಟರ್ ಮಾರಲೆಂದು ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಮೂರು ವಾರದ ಹಿಂದೆ ಹುಡುಗಿಯರೆಲ್ಲರ ಎದುರು, 'ಇದು ಮುಗೀತ್ರಿ, ಗುಜರಿಗೆ ಹಾಕ್ರಿ' ಎಂದು ನಾನೇ ಜೋರಾಗಿ ಹೇಳಿದ್ದ ಹಳೆಯ ಕಂಪ್ಯೂಟರಿನಲ್ಲಿ ಹುಡುಗಿಯೊಬ್ಬಳು ಟೈಪ್ ಮಾಡುತ್ತಿದ್ದಳು.

ರಿಪೇರಿಗೆ ಹೋದಲ್ಲಿ ಹಾಕಲೆಂದು ಹುಬ್ಬಳ್ಳಿಯ ಸೈಬರ್ ಕೆಫೆಯಲ್ಲಿ, ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶ ಲಿನಕ್ಸ್ ಡೌನ್‌ಲೋಡ್ ಮಾಡಿ ಸಿಡಿಗೆ ಹಾಕಿಕೊಂಡಿದ್ದೆ. ಹೊಸ ಕಂಪ್ಯೂಟರುಗಳಲ್ಲಿ ಅದು ಸಲೀಸಾಗಿ ಓಡುತ್ತಿತ್ತು. ಅಕ್ಕನದರಲ್ಲಿ ಓಡದಿದ್ದಾಗ ಸಿಡಿಯ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ನಾನು ಅಲ್ಲೇ ಮರೆತಿದ್ದ ಆ ಸಿಡಿಯನ್ನು ಅಕ್ಕ ತಂದು ಕೈಗಿಟ್ಟರು. ಅದರ ಮೇಲೆ ನನ್ನದೇ ಅಕ್ಷರದಲ್ಲಿ '೬೪ ಬಿಟ್' ಎಂದಿತ್ತು. ಹುಡುಗಿಯರಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದರು: 'ನಮ್ದು ಹಳೇದು, ೩೨ರದ್ದರಿ ಅಣ್ಣಾರ. ೬೪ರದ್ದು ಇದರಾಗ ಓಡಂಗಿಲ್ರಿ. ನಮ್ಮ ತಮ್ಮ ೩೨ರದ್ದ ಡೌನ್‌ಲೋಡ್ ಮಾಡಿ ಕೊಟ್ಟ. ಲಗೂನ ಚಾಲೂ ಆತ್ರಿ.'

ಮರುದಿನವೇ ಗಜೇಂದ್ರಗಡದ ಬಸ್ಸು ಹತ್ತಿದೆ. ಅಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಹಿರಿಯರೊಬ್ಬರ ಹಳೆಯ ಕಂಪ್ಯೂಟರಿಗೂ, ಅಕ್ಕನಲ್ಲಿಗೆ ಹೋಗುವ ಮೊದಲೇ, ಅದೇ ಸಿಡಿ ಹಾಕಿ, ಅದೇ ಮಾತು ಹೇಳಿ ಬಂದಿದ್ದೆ. ಅವರು ಚಹಾ ತರಿಸಿ ನಕ್ಕರು. 'ನೀವು ಹೇಳಿದ ದಿನಾನ ಗುಜರಿಗೆ ಹಾಕಿಬಿಟ್ಟೀನ್ರಿ. ಈಗ ಕೈಲೇ ಬರದು ಕೊಡ್ತೀನಿ.'