ಹಮಾಮತ್ಸುವಿನ ಸಭೆಯಲ್ಲಿ ಎತ್ತಿದ ಕೈ

ಶನಿವಾರ ಬೆಳಿಗ್ಗೆ ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ನಮ್ಮ ಮನೆಯಿಂದ ಹೊರಟಾಗ ಗಂಡ ಬಾಗಿಲಲ್ಲಿ ನಿಂತು, "ನೋಡು, ಬರೋವಾಗ ಹೆಸರು ಬದಲಾಯಿಸ್ಕೊಂಡು ಬರ್ಬೇಡ ಮತ್ತೆ" ಎಂದು ಚುಡಾಯಿಸಿದರು. ಹಮಾಮತ್ಸು ಊರಿನ ನನ್ನ ಗೆಳತಿ ಮಿಯಾಕೆ ಸಾನ್ (ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ) ತಮ್ಮ ಚರ್ಚಿನ ಭಾನುವಾರದ ಸಭೆಗೆ ನನ್ನನ್ನು ಕರೆದಿದ್ದರು. ಅವರು ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಟೋಕಿಯೋ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದು, ಈಗ ಊರಿಗೆ ಮರಳಿ ಅಲ್ಲಿಯ ಕಾರು ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದಾರೆ. "ಒಂದು ಕಷ್ಟದ ಕೆಲಸ ಇದೆ. ಪಕ್ಕದಲ್ಲಿ ನೀವು ಕೂತಿದ್ರೆ ಸಾಕು" ಎಂದಷ್ಟೇ ಫೋನಿನಲ್ಲಿ ಹೇಳಿದ್ದರು. ಕಷ್ಟ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಹಾಗಾಗಿ ಏನು ಎತ್ತ ಎಂದು ವಿಚಾರಿಸದೆ ಹೊರಟುಬಿಟ್ಟೆ.

ಟೋಕಿಯೋ ಸ್ಟೇಷನ್ನಿನಿಂದ ಕೊಡಾಮಾ ಹಿಡಿದೆ. ಬುಲೆಟ್ ರೈಲುಗಳಲ್ಲಿ ಇದು ನಮ್ಮ ಪ್ಯಾಸೆಂಜರ್ ಗಾಡಿ. ಸಿಕ್ಕ ಸ್ಟೇಷನ್ನಿನಲ್ಲೆಲ್ಲ ನಿಂತು, ವೇಗದ ಗಾಡಿಗಳಿಗೆ ದಾರಿ ಬಿಟ್ಟು ಹೋಗುತ್ತದೆ. ಟಿಕೆಟ್ ಎಂಟು ಸಾವಿರ ಯೆನ್ನಿನ ಆಸುಪಾಸು. ಫ್ಯೂಜಿ ಕಾಣಲೆಂದು ಬಲಗಡೆಯ ಕಿಟಕಿ ಕೇಳಿ ಪಡೆದಿದ್ದೆ, ಮೋಡ ಮಾತ್ರ ಕಂಡಿತು. ಕೊಂಬಿನಿ ಎನ್ನುವ ದಿನವಿಡೀ ತೆರೆದಿರುವ ಅಂಗಡಿಯಲ್ಲಿ ಕೊಂಡ ಉಪ್ಪುಹುಳಿಯ ಪ್ಲಮ್ ಹಣ್ಣಿನ ಅನ್ನದುಂಡೆ ತಿಂದೆ. ಮೀನಿಲ್ಲದ ತಿಂಡಿ ಈ ದೇಶದಲ್ಲಿ ಹುಡುಕುವುದೆಂದರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆಯೇ, ಆದರೆ ಈ ಉಂಡೆ ಕೈಬಿಟ್ಟಿದ್ದಿಲ್ಲ.

ಸ್ಟೇಷನ್ನಿಗೆ ಮಿಯಾಕೆ ಸಾನ್ ಕಾರು ತಂದಿದ್ದರು. ಊರು ದಾಟಿ, ಅಗಲವಾದ ತೆನ್‌ರ್ಯೂ ನದಿಯ ಗುಂಟ ಉತ್ತರಕ್ಕೆ ಹೋದೆವು. ಗುಡ್ಡಗಳ ಮೇಲೆಲ್ಲ ಚಹಾ ಗಿಡಗಳ ಸಾಲು. ಅವರ ಅಕ್ಕನ ತೋಟ ಅಲ್ಲಿಯೇ. ಹೊಸ ಚಿಗುರು ಬಂದಿತ್ತು, ಇನ್ನೆರಡು ವಾರಕ್ಕೆ ಮೊದಲ ಕೊಯ್ಲು. ಅಕ್ಕ ನನಗೆ ಹಸಿರು ಚಹಾ ಕೊಟ್ಟರು, ತಂಗಿಯ ಮುಂದೆ ಹುರಿದ ಬಾರ್ಲಿ ನೀರು ಇಟ್ಟರು. ಮಾರ್ಮನ್ನರು ಚಹಾ ಕುಡಿಯುವುದಿಲ್ಲ. ಚಹಾ ಬೆಳೆಯುವ ಮನೆಯ ಮಗಳು ಇಪ್ಪತ್ತರ ವಯಸ್ಸಿನಿಂದ ಒಂದು ಗುಟುಕೂ ಕುಡಿದಿಲ್ಲವೆಂದರೆ ನಿಷ್ಠೆ ಎಂಥದೆಂದು ಲೆಕ್ಕ ಹಾಕಿ.

ತೋಟದ ಬದುವಿನ ಮೇಲೆ ಕೂತು ಅವರು ವಿಷಯ ಹೇಳಿದರು. ಅವರ ಸಭೆಯ ಹಿರಿಯನಿಗೆ ಬಿಷಪ್ ಎನ್ನುತ್ತಾರೆ. ಸಂಬಳವಿಲ್ಲದ ಹೊಣೆ, ಹೊಟ್ಟೆಪಾಡಿಗೆ ಬೇರೆ ಕೆಲಸ. ಈಗಿನ ಬಿಷಪ್ ಅಮೆರಿಕದಿಂದ ಬಂದು, ಇಲ್ಲಿಯವರನ್ನೇ ಮದುವೆಯಾಗಿ, ಇಂಗ್ಲಿಷ್ ಕಲಿಸುತ್ತಾ ನೆಲೆ ನಿಂತವರು. ಅವರು ಫೋನ್ ಮಾಡಿ, ಮಕ್ಕಳ ತರಗತಿಯ ಮುಖ್ಯಸ್ಥೆಯಾಗಿ ಎಂದಿದ್ದರಂತೆ. ಮಿಯಾಕೆ ಸಾನ್ ವರ್ಷಗಳಿಂದ ಆಸೆಪಟ್ಟ ಕೆಲಸವೇ ಅದು. ಜೊತೆಗೊಂದು ಷರತ್ತು: ಈ ವರ್ಷದಿಂದ ಚಹಾ ಕೊಯ್ಲಿಗೆ ಹೋಗಬಾರದು. ಕುಡಿಯಬಾರದೆಂದು ಮಕ್ಕಳಿಗೆ ಕಲಿಸುವ ಕೈ ಅದನ್ನೇ ಕೊಯ್ಯಬಾರದಲ್ಲ!

"ನೀವೇನಂದ್ರಿ?"

"ಹಾಯ್, ಹಾಯ್ ಅಂದೆ."

ಜಪಾನಿಯಲ್ಲಿ ಹಾಯ್ ಎಂದರೆ ಹೌದು ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಆಡುವಾಗ ಅದು ನಮ್ಮ 'ಹೂಂ'. ಕಥೆ ಹೇಳುವವರಿಗೆ ಹೂಂಗುಟ್ಟಿದ ಮಾತ್ರಕ್ಕೆ ಕಥೆಯಲ್ಲಿದ್ದದ್ದಕ್ಕೆಲ್ಲ ರುಜು ಹಾಕಿದಂತಾಗುವುದಿಲ್ಲ. "ಆಮೇಲೆ 'ಸ್ವಲ್ಪ ಕಷ್ಟ' ಅಂತಾನೂ ಹೇಳ್ದೆ" ಎಂದರು. ಇಲ್ಲಿ ಅದಕ್ಕಿಂತ ಗಟ್ಟಿಯಾಗಿ ಯಾರೂ 'ಇಲ್ಲ' ಎನ್ನುವುದಿಲ್ಲ. ಬಿಷಪ್ ಮಾತ್ರ, ಕಷ್ಟವಾದರೂ ಮಾಡುತ್ತಾರೆ ಎಂದು ತಿಳಿದು, ಪ್ರಾರ್ಥಿಸಿ, ಶಕ್ತಿ ಬರುತ್ತದೆ ಎಂದು ಹರಸಿದರಂತೆ.

"ಅವರ ಜಪಾನಿ ತುಂಬಾ ಚೆನ್ನಾಗಿದೆ. ಹಾಯ್ ಕೇಳಿದ ಕೂಡ್ಲೇ ಮಾತ್ರ ಅಮೆರಿಕಕ್ಕೆ ವಾಪಸ್ ಹೋಗ್ಬಿಡ್ತಾರೆ" ಎಂದು ನಕ್ಕರು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. "ಕೊಯ್ಯಬಾರದು ಅಂತ ನಮ್ಮ ಗ್ರಂಥದಲ್ಲಿ ಎಲ್ಲೂ ಇಲ್ಲ. ಅದು ಅವರ ಸ್ವಂತ ಅಭಿಪ್ರಾಯ. ನಾನು ಈ ಪಂಥ ಸೇರಿದಾಗ ಅಪ್ಪ ಒಂದು ಮಾತಾಡ್ಲಿಲ್ಲ. ಕೊಯ್ಲಿಗೆ ಮಾತ್ರ ಬಾ ಅಂದ್ರು. ಅವರು ಹೋದ್ಮೇಲೂ ನಾನು ತಪ್ಪಿಸಿಲ್ಲ."

ನನ್ನ ಪಿತ್ತ ಕೆರಳಿತು. ನಮ್ಮಲ್ಲೂ ಹಿರಿಯರು ಹೇಳಿದರೆಂದು ಕೋಲೆಬಸವನ ಹಾಗೆ ತಲೆಯಾಡಿಸುವವರನ್ನು ನೋಡಿ ಬೆಳೆದವಳು ನಾನು. "ಆಗಲ್ಲ ಅಂತ ಫೋನ್‌ನಲ್ಲೇ ಒದರಿಬಿಡಿ" ಎಂದೆ.

"ನಾಳೆ ಸಭೆಯಲ್ಲಿ ನನ್ನ ಹೆಸರು ಓದ್ತಾರೆ. ಒಪ್ಪೋರು ಬಲಗೈ ಎತ್ತಿ ಅಂತಾರೆ. ಆಮೇಲೆ, ವಿರೋಧಿಸೋರೂ ಹಾಗೇ ಎತ್ತಿ ಅಂತಾರೆ. ನಾನು ಸೇರಿದಾಗಿನಿಂದ ಆ ಎರಡನೇ ಪ್ರಶ್ನೆಗೆ ಒಬ್ಬರೂ ಕೈ ಎತ್ತಿದ್ದು ನೋಡಿಲ್ಲ. ಯಾರೂ ಉತ್ತರ ಕೊಡದಿದ್ರೆ ಅದು ಬರೀ ಶಾಸ್ತ್ರಕ್ಕೆ ಕೇಳೋ ಪ್ರಶ್ನೆ ಆಗ್ಬಿಡುತ್ತೆ. ನಾಳೆ ನಾನು ಎತ್ತುತ್ತೀನಿ."

"ನಿಮ್ಮ ಹೆಸರಿಗೇನಾ?"

"ನನ್ನ ಹೆಸರಿಗೇ."

ಭಾನುವಾರ ಬೆಳಿಗ್ಗೆ ಬಿಸಿಲಿತ್ತು, ಗಾಳಿಯೂ ಜೋರಾಗಿತ್ತು. ಚರ್ಚ್ ಎಂದರೆ ಗೋಪುರ, ಮೇಣದ ಬತ್ತಿ ಎಂದುಕೊಂಡಿದ್ದ ನನಗೆ ಕಂಡದ್ದು ಶಾಲೆಯಂಥ ಕಟ್ಟಡ, ಶಿಲುಬೆಯೂ ಇಲ್ಲ. ಬಿಷಪ್ ಕೈ ಕುಲುಕಿ, ನಮಸ್ಕಾರ ಎಂದು ನಮ್ಮ ರೀತಿಯಲ್ಲೇ ಹೇಳಿ, ನನ್ನ ಸಿಟ್ಟನ್ನು ಅರ್ಧ ಇಳಿಸಿಬಿಟ್ಟರು. ಕೆಟ್ಟ ಮನುಷ್ಯನಾಗಿದ್ದರೆ ಎಷ್ಟು ಸುಲಭವಿತ್ತು! ಹಾಡಾಯಿತು. ಅವರು ಎದ್ದು ಮಿಯಾಕೆ ಸೋದರಿಯ ಹೆಸರು ಓದಿ, ಒಪ್ಪುವವರು ಕೈ ಎತ್ತಿ ಎಂದರು. ಸಭೆಯ ಕೈಗಳೆಲ್ಲ ಮೇಲೆದ್ದವು. ಅವುಗಳಲ್ಲಿ ನನ್ನದೂ ಒಂದು. ಗೆಳತಿಯ ಹೆಸರು ಕೇಳಿದ ಸಂಭ್ರಮಕ್ಕೆ, ಎಲ್ಲರೂ ಎತ್ತಿದರೆಂದು, ನನಗರಿವಿಲ್ಲದೆ ಎತ್ತಿಬಿಟ್ಟಿದ್ದೆ. ಹಿಂದಿನ ದಿನವಷ್ಟೇ ಕೋಲೆಬಸವನನ್ನು ಹಳಿದಿದ್ದ ಮಹಾತಾಯಿ!

"ವಿರೋಧಿಸುವವರೂ ಹಾಗೆಯೇ" ಎನ್ನುವಾಗ ಬಿಷಪ್ಪರ ಕಣ್ಣು ಆಗಲೇ ಕೈಯಲ್ಲಿದ್ದ ಚೀಟಿಯ ಮುಂದಿನ ಸಾಲಿಗೆ ಹೋಗಿತ್ತು. ನನ್ನ ಪಕ್ಕದಲ್ಲಿ ಮಿಯಾಕೆ ಸಾನ್ ಬಲಗೈ ಎತ್ತಿದರು. ಮೊಣಕೈ ನೆಟ್ಟಗಿತ್ತು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಹಿಂತಿರುಗಿ, "ಸೆನ್ಸೇ, ಈಗಲ್ಲ, ಆಗ್ಲೇ ಎತ್ಬೇಕಿತ್ತು" ಎಂದು ತನ್ನ ಹೊಸ ಟೀಚರನ್ನು ಗಟ್ಟಿಯಾಗಿ ತಿದ್ದಿದಳು. ಒಬ್ಬರೂ ನಗಲಿಲ್ಲ. ಬಿಷಪ್ ಕೆಂಪಾಗಿ, ಸಭೆಯ ನಂತರ ಮಾತಾಡೋಣ ಎಂದರು.

ಮಾತು ಓಣಿಯಂಥ ಹಜಾರದಲ್ಲಿ ನಡೆಯಿತು. ನಾನು ಸರಿದು ಹೋಗಲು ನೋಡಿದರೆ ಮಿಯಾಕೆ ಸಾನ್ ನನ್ನ ತೋಳು ಹಿಡಿದು ನಿಲ್ಲಿಸಿಕೊಂಡರು.

"ನೀವು ಹಾಯ್ ಅಂದಿದ್ರಿ" ಎಂದರು ಬಿಷಪ್. ಅವರಿಗೆ ನಿಜಕ್ಕೂ ನೋವಾಗಿತ್ತು.

"ಕೇಳಿಸ್ಕೊಂಡೆ ಅಂತ ಅಂದೆ. ಸ್ಪಷ್ಟವಾಗಿ ಹೇಳದೇ ಇದ್ದದ್ದಕ್ಕೆ ಕ್ಷಮಿಸಿ. ಇವತ್ತು ಸ್ಪಷ್ಟವಾಗಿ ಹೇಳಿದೀನಿ. ಮಕ್ಕಳ ಕೆಲಸ ಬೇಕು. ಷರತ್ತು ಒಪ್ಪಲ್ಲ."

"ನಾನು ಪ್ರಾರ್ಥನೆ ಮಾಡಿಯೇ ನಿಮಗೆ ಹೇಳಿದ್ದು."

"ನಾನೂ ಪ್ರಾರ್ಥನೆ ಮಾಡಿಯೇ ಕೈ ಎತ್ತಿದ್ದು."

"ಹಿರಿಯರ ಮಾತು ಪಾಲಿಸೋದೂ ನಂಬಿಕೆಯೇ ಅಲ್ವಾ?"

"ಯೋಚನೆ ಮಾಡ್ದೆ ಪಾಲಿಸಿದ್ರೆ ಅದು ನಿಮ್ಮ ನಂಬಿಕೆ ಆಗುತ್ತೆ, ನನ್ನದಾಗಲ್ಲ."

ಷರತ್ತು ಬಿಡಲು ಬಿಷಪ್ಪರ ಮನಸ್ಸು ಒಪ್ಪಲಿಲ್ಲ. ಹಾಗಾದರೆ ತರಗತಿಗೆ ಬೇರೆಯವರನ್ನು ನೋಡುತ್ತೇನೆ ಎಂದರು. ಮಿಯಾಕೆ ಸಾನ್ ಬಾಗಿ ನಮಸ್ಕರಿಸಿದರು. ಒಳಗಿನ ಕೋಣೆಯಿಂದ ಮಕ್ಕಳ ಹಾಡು ಕೇಳಿಸುತ್ತಿತ್ತು. ಕಾರಿನಲ್ಲಿ ಕೂತ ಮೇಲೆ ಅವರು ಅತ್ತರು. ಜಪಾನಿಯರು ಅಳುವುದನ್ನು ಹತ್ತಿರದಿಂದ ನೋಡಿರದ ನಾನು ಏನು ಮಾಡಬೇಕೆಂದು ತಿಳಿಯದೆ ಬೆನ್ನು ಸವರಿದೆ.

ಭಾನುವಾರ ಅವರು ದುಡ್ಡು ಕೊಟ್ಟು ಏನನ್ನೂ ಕೊಳ್ಳುವುದಿಲ್ಲ. ಆದ್ದರಿಂದ ದಾರಿಯ ಊಟವನ್ನು ಹಿಂದಿನ ದಿನವೇ ಕಟ್ಟಿಟ್ಟಿದ್ದರು: ಅನ್ನ, ಬಿದಿರು ಕಳಲೆಯ ಪಲ್ಯ, ಮೀನಿನ ಸೋಂಕಿಲ್ಲದ್ದು. ಡಬ್ಬಿ ನನ್ನ ಕೈಗೆ ಕೊಟ್ಟು ಸ್ಟೇಷನ್ನಿನ ಟಿಕೆಟ್ ಗೇಟಿನವರೆಗೂ ಬಂದರು. ಗಾಡಿ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

"ಇಷ್ಟಾದ್ಮೇಲೆ ಈ ಚರ್ಚು ಬಿಟ್ಬಿಡಿ ಮಿಯಾಕೆ ಸಾನ್. ನಿಮ್ಮ ದೇವರು ಮನೇಲೂ ಸಿಕ್ತಾನೆ."

ಅವರು ನನ್ನನ್ನು ಅಚ್ಚರಿಯಿಂದ ನೋಡಿದರು. ಕಣ್ಣಿನ್ನೂ ಕೆಂಪಗಿತ್ತು.

"ಮುಂದಿನ ಭಾನುವಾರ ಅದೇ ಸಾಲಲ್ಲಿ ಕೂತಿರ್ತೀನಿ. ಬಿಡೋ ಹಾಗಿದ್ರೆ ಸುಮ್ನೆ ಎದ್ದು ಹೋಗ್ತಿದ್ದೆ. ಇರ್ಬೇಕು ಅಂತಾನೇ ಅಲ್ವಾ ಕೈ ಎತ್ತಿದ್ದು?"