ಕರೆಂಟು ತೆಗೆದ ವಾರಗಿತ್ತಿ

ಮಗುವಿನ ಜ್ವರ ನೋಡುವ ಹಾಗೆ ಅಂಗೈಯ ಹಿಂಬದಿಯನ್ನು ಪ್ಲಗ್ಗಿಗೆ ತಾಗಿಸಿ, ತಲೆ ಓರೆ ಮಾಡಿ ನಿಲ್ಲುತ್ತಿದ್ದಳು ನನ್ನ ವಾರಗಿತ್ತಿ. ಬಿಸಿ ಎನ್ನಿಸಿತೋ, ಸ್ವಿಚ್ಚು ಆರಿಸಿದ ಮೇಲೇ ಮಾತು. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಅಲ್ಲಿ ಒಂದೇ ಬೋರ್ಡಿಗೆ ಇಸ್ತ್ರಿಪೆಟ್ಟಿಗೆಯನ್ನೂ ನೀರು ಕಾಯಿಸುವ ಕಾಯಿಲನ್ನೂ ಹಾಕಿ ತಂತಿ ಹೊತ್ತಿಕೊಂಡು, ಮಗ್ಗದ ಮೇಲಿದ್ದ ರೇಷ್ಮೆಯೆಲ್ಲ ಬೂದಿಯಾಗಿತ್ತಂತೆ. ಆ ಭಯವನ್ನು ಚಳ್ಳಕೆರೆಯ ನಮ್ಮ ಮನೆಗೂ ತಂದಿದ್ದಳು.

ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಹಿರಿ ಸೊಸೆ ನಾನು. ನನ್ನ ಶೇಂಗಾ ಹೋಳಿಗೆ ತಿಂದು ಸುಮ್ಮನೆ ಕೈ ತೊಳೆಯುತ್ತಿದ್ದ ಅತ್ತೆ, ಮನೆಗೊಂದು ಮಿಕ್ಸಿ ತಂದರೂ “ಸಣ್ಣೋಳ್ನ ಕೇಳ್ರಿ” ಎನ್ನುತ್ತಿದ್ದರು. ನನ್ನ ಮಗಳಂತೂ ಹೊಸಿಲು ದಾಟುತ್ತಲೇ “ಚಿಕ್ಕವ್ವಾ” ಎಂದು ಕೂಗುತ್ತಿದ್ದಳು. “ಅವ್ವಾ” ಎನ್ನುವುದು ಹಸಿದಾಗ ಮಾತ್ರ.

ಲೋಡು ಹೆಚ್ಚಾದಾಗಲೆಲ್ಲ ಟ್ರಿಪ್ಪರ್ ಬಿದ್ದು ಕರೆಂಟು ಹೋಗುತ್ತಿತ್ತು. ಬೇಸತ್ತ ನನ್ನ ಗಂಡ ದೊಡ್ಡ ಟ್ರಿಪ್ಪರ್ ಹಾಕಿಸಿದರು. ಅವಳು ಬಾಗಿಲ ಮರೆಯಿಂದ ಹೇಳಿದಳು: “ಬಾವಾರೇ, ಟ್ರಿಪ್ಪರ್ ದೊಡ್ಡದಾದ್ರೆ ಗೋಡೆಯೊಳಗಿನ ತಂತಿ ದಪ್ಪ ಆಗಲ್ರಿ. ಬೀಳೋದೇ ಅದರ ಕೆಲಸ, ಬೀಳದಿದ್ರೆ ತಂತಿ ಸುಡ್ತೈತೆ.” ಯಾರೂ ಕಿವಿಗೊಡಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಮಗಳ ನಿಶ್ಚಿತಾರ್ಥದ ಬೆಳಿಗ್ಗೆ. ನಡುಮನೆಯ ಒಂದೇ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಎಳೆದು ಗ್ರೈಂಡರು, ಕರೆಂಟ್ ಒಲೆ, ಬಕೆಟ್ಟಿನಲ್ಲಿ ಕಾಯಿಲು ಎಲ್ಲ ಹಾಕಿದ್ದರು. ಬೀಗರು ಅಂಗಳಕ್ಕೆ ಕಾಲಿಟ್ಟಿದ್ದರು.

“ಆಪಂಡಿ! ಆಪಂಡಿ! ನಿಲ್ಸ್ರಿ ಎಲ್ಲಾ!” ಗಾಬರಿಯಾದಾಗ ವಾರಗಿತ್ತಿಯ ಬಾಯಲ್ಲಿ ತವರಿನ ತೆಲುಗೇ ಮೊದಲು ಬರುತ್ತಿತ್ತು. ಓಡಿಹೋಗಿ ಮೇನ್ ಸ್ವಿಚ್ ಇಳಿಸಿಬಿಟ್ಟಳು. ಗ್ರೈಂಡರು ನಿಂತಿತು, ಮನೆ ಕತ್ತಲಾಯಿತು.

“ಬೀಗರು ಬಂದಾಗ ಕರೆಂಟ್ ತೆಗೀತಿಯೇನೇ?” ಎಂದು ಅತ್ತೆ ಗದರಿದರು.

“ಆಮ್ಯಾಲೆ ಬೈರಿ ಅತ್ತೆ. ಸುಟ್ಟ ವಾಸ್ನೆ ಬರ್ತಾ ಐತೆ.”

ಗೋಡೆಗೆ ಒತ್ತಿದ್ದ ಹಾಸಿಗೆಯ ಮೇಲೆ ನಾದಿನಿಯ ಕೂಸು ಮಲಗಿತ್ತು. ಅವಳು ಕೂಸನ್ನು ಎತ್ತಿ ನಾದಿನಿಯ ಕೈಗಿಟ್ಟು, ಹಾಸಿಗೆ ಎಳೆದಳು. ಅದರ ಹಿಂದಿದ್ದ ಅದೇ ಪ್ಲಗ್ಗು ಮೇಣದಂತೆ ಕರಗಿತ್ತು. ಹಾಸಿಗೆಯ ಅಂಚಿನ ಹತ್ತಿ ಹೊಗೆಯಾಡುತ್ತಿತ್ತು.

ಬೀಗರ ಯಜಮಾನರು ಕೈಮುಗಿದರು. “ಇಂಥಾ ಹೆಣ್ಮಗಳು ಇರೋ ಮನೆ ಸಂಬಂಧ ಬಿಡಬಾರ್ದು” ಎಂದರು. ಮಗಳು ಜರಿ ಸೀರೆಯಲ್ಲೇ ಓಡಿ ಬಂದು ಅವಳನ್ನು ತಬ್ಬಿಕೊಂಡಳು. ಹೋಳಿಗೆಯ ಲಟ್ಟಣಿಗೆ ಹಿಡಿದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕೂಸು ಉಳಿಯಿತೆಂಬ ಸಮಾಧಾನಕ್ಕಿಂತ ಮುಂಚೆ ನನ್ನ ಕಣ್ಣಿಗೆ ಬಿದ್ದದ್ದು ಆ ಅಪ್ಪುಗೆ.

ಅದೇ ವಾರ ಮನೆಗೆ ಹೊಸ ವೈರಿಂಗ್ ಆಯಿತು. ಅಕ್ಕಪಕ್ಕದವರೂ ಗೀಸರ್ ಹಾಕಿಸುವ ಮುಂಚೆ ಅವಳನ್ನೇ ಕರೆಯತೊಡಗಿದರು. ಹೋದ ವರ್ಷ ಕಾಮಾಲೆ ಅವಳನ್ನು ಒಯ್ದಿತು. ಮಗಳು ಅತ್ತ ರೀತಿ ನೋಡಿ, ನಾನು ಸತ್ತರೂ ಇಷ್ಟು ಅಳುವಳೇ ಎಂದುಕೊಂಡೆ.

ಮಗಳು ಈಗ ಪರಶುರಾಂಪುರದಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಮೊನ್ನೆ ನೋಡಲು ಹೋದಾಗ ವೈರಿಂಗಿನವನಿಗೆ ನಾನೇ ಹೇಳಿದೆ: “ಗೀಸರ್‌ಗೆ ಬ್ಯಾರೆ ದಪ್ಪ ತಂತಿ ಎಳಿ, ಒಲೆಗೆ ಬ್ಯಾರೆ. ಎಲ್ಲಾ ಒಂದಕ್ಕೇ ಸಿಗಿಸ್ಬ್ಯಾಡ.”

ಮಗಳ ಕಣ್ಣು ತುಂಬಿತು. “ಥೇಟ್ ಚಿಕ್ಕವ್ವನೇ ನಿಂತು ಹೇಳ್ದಂಗಾತು” ಎಂದಳು.

ನನ್ನ ಬಾಯಿಂದ ಬಂದ ಮಾತಿನಲ್ಲೂ ಅವಳಿಗೆ ಕಂಡದ್ದು ಚಿಕ್ಕವ್ವನೇ. ಹೊಟ್ಟೆ ಉರಿಯಿತು. ಆದರೂ ವೈರಿಂಗಿನವನಿಗೆ ಸರಿಯಾಗಿ ಕೇಳಲೆಂದು ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.