ಶುಕ್ರವಾರ ಬಾರದ ಕೆಮ್ಮು

ಸೈದಪ್ಪನ ಕೆಮ್ಮು ನಮ್ಮ ಡೊಂಬಿವಲಿ ಚಾಳಿನ ಎಂಟೂ ಖೋಲಿಗಳಿಗೆ ಗೊತ್ತಿತ್ತು. ಒಮ್ಮೆ ಶುರುವಾದರೆ ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಿಲ್ಲುತ್ತಿದ್ದ. ಕಣ್ಣು ಕೆಂಪಾಗಿ, ಮೂಗು ಬಾಯಲ್ಲಿ ನೀರು ಸುರಿದು, ಹೆಂಡತಿ ಗುರಮ್ಮ ಬೆನ್ನು ತಿಕ್ಕಿದ ಮೇಲೆಯೇ ಉಸಿರು ತಿರುಗುತ್ತಿತ್ತು. ಗುಲ್ಬರ್ಗ ಕಡೆಯವನು. ಉಲ್ಹಾಸನಗರದ ಒಂದು ಗಾದಿ ಕಾರ್ಖಾನೆಯಲ್ಲಿ ಹಳೆಯ ಹತ್ತಿಯನ್ನು ಯಂತ್ರಕ್ಕೆ ಹಾಕಿ ಹಿಂಜುವ ಕೆಲಸ. ದೊಡ್ಡ ಮೂಟೆಯನ್ನು ಒಬ್ಬನೇ ಎತ್ತುತ್ತಿದ್ದವನು ತೊಂಬತ್ನಾಲ್ಕನೇ ಇಸವಿಯ ಹೊತ್ತಿಗೆ ಒಂದು ಕೊಡ ನೀರು ಹೊತ್ತು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲುತ್ತಿದ್ದ.

ನಾನು ಪಕ್ಕದ ಖೋಲಿಯ ಗುಣಪಾಲ, ಉಡುಪಿಯವನು, ಹೋಟೆಲಿನ ಗಲ್ಲೆಯಲ್ಲಿ ಕೂರುವವನು. ಮರಾಠಿ ಚೆನ್ನಾಗಿ ಬರುತ್ತದೆಂಬ ಜಂಬ ನನಗೆ. ಅವರಿಬ್ಬರಿಗೂ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಹಾಗಾಗಿ ಡಾಕ್ಟರ ಹತ್ತಿರ ಮಾತಾಡುವ ಯಜಮಾನಿಕೆ ನಾನೇ ವಹಿಸಿಕೊಂಡೆ. ಕಾರ್ಖಾನೆಗೆ ಶುಕ್ರವಾರ ರಜೆ, ಆದ್ದರಿಂದ ತಿಂಗಳಿಗೊಂದು ಶುಕ್ರವಾರ ಮೂವರೂ ಹೊರಡುತ್ತಿದ್ದೆವು. ಡಾಕ್ಟರು ಎದೆ ಪರೀಕ್ಷಿಸಿದರೆ ಏನೂ ಇಲ್ಲ. ಕಫ ನೋಡಿದರು, ಎಕ್ಸ್‌ರೇ ತೆಗೆಸಿದರು, ಟಿಬಿಯೂ ಅಲ್ಲ. ಬೀಡಿಯ ಕೆಮ್ಮು ಎಂದು ಅವರಿಗೆ ಹೇಳಿದವನೇ ನಾನು. ಸೈದಪ್ಪ ಬೀಡಿ ಬಿಟ್ಟ, ಮೊಸರು ಬಿಟ್ಟ, ಕೊನೆಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನೂ ಬಿಟ್ಟ. ಕೆಮ್ಮು ಅವನನ್ನು ಬಿಡಲಿಲ್ಲ. ಕದ್ದು ಸೇದುತ್ತಾನೆಂದು ನನಗೆ ಸಿಟ್ಟು.

ಗುರಮ್ಮ ಮೊದಲ ದಿನವೇ ಕ್ಲಿನಿಕ್ಕಿನ ಬೆಂಚಿನ ಮೇಲೆ ಹೇಳಿದ್ದಳು.

“ಶುಕ್ರಾರ ಅವರಿಗಿ ಕೆಮ್ಮೇ ಇರಲ್ಲರಿ ಅಣ್ಣಾರ. ರಜಾ ಮುಗಿಸಿ ಶನಿವಾರ ಕೆಲಸಕ್ಕ ಹೋಗಿ ಬಂದ್ಮ್ಯಾಲ ನೋಡ್ರಿ, ಜೀವಾನೇ ಹೋಗ್ತದ. ಇದ್ ಡಾಕ್ಟರಿಗಿ ಹೇಳ್ರಿ.”

ಹೇಳಲಿಲ್ಲ. ವಾರ ನೋಡಿಕೊಂಡು ಬರಲು ಕೆಮ್ಮೇನು ನೆಂಟನೇ ಎಂದು ನಕ್ಕುಬಿಟ್ಟೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು. ಆಕೆ ಪ್ರತಿ ಸಲವೂ ಅದನ್ನೇ ಹೇಳಿದಳು, ನಾನು ಪ್ರತಿ ಸಲವೂ ನುಂಗಿದೆ. ಹೀಗೆ ಎರಡು ವರ್ಷ ಕಳೆಯಿತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ತೊಂಬತ್ತಾರರ ಒಂದು ಶನಿವಾರ ಸಂಜೆ ಲೋಕಲ್ಲಿನಿಂದ ಇಳಿದ ಸೈದಪ್ಪ ಪ್ಲಾಟ್‌ಫಾರಂ ಮೇಲೆಯೇ ಕುಸಿದ. ಸುದ್ದಿ ತಿಳಿದ ಗುರಮ್ಮ ಹೋಟೆಲಿಗೆ ಓಡಿ ಬಂದು ನನ್ನನ್ನು ಗಲ್ಲೆಯಿಂದ ಎಬ್ಬಿಸಿಕೊಂಡು ಹೋದಳು. ಅದೇ ಡಾಕ್ಟರು ಅದೇ ಎದೆಯನ್ನು ಪರೀಕ್ಷಿಸಿ ಹುಬ್ಬು ಗಂಟಿಕ್ಕಿದರು. ಒಳಗೆಲ್ಲ ಶಿಳ್ಳೆಯ ಸದ್ದು. ಎಂದಿನಿಂದ ಹೀಗೆ ಎಂದು ಕೇಳಿದರು. ಆಗ ಗುರಮ್ಮನ ಮಾತನ್ನು ಮೊದಲ ಬಾರಿಗೆ ಮರಾಠಿಯಲ್ಲಿ ಹೇಳಿದೆ. ಕೆಲಸ ಯಾವುದೆಂದು ಕೇಳಿದರು, ಅದನ್ನೂ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. ಹತ್ತಿಯ ದೂಳು ಎದೆಯನ್ನು ಬಿಗಿಯುತ್ತದೆ, ರಜೆಯಲ್ಲಿ ಸಡಿಲವಾಗುತ್ತದೆ, ಮತ್ತೆ ಕೆಲಸಕ್ಕೆ ಹೋದ ಮೊದಲ ದಿನವೇ ಜೋರಾಗಿ ಹಿಡಿಯುತ್ತದೆ ಎಂದು ವಿವರಿಸಿದರು. ಶುರುವಿನಲ್ಲೇ ಆ ಕೆಲಸ ಬಿಟ್ಟಿದ್ದರೆ ಪೂರ್ತಿ ವಾಸಿಯಾಗುತ್ತಿತ್ತಂತೆ. ಇನ್ನು ಬಿಟ್ಟರೂ ಮೊದಲಿನ ಉಸಿರು ಮರಳುವುದಿಲ್ಲವಂತೆ. ಆಮೇಲೆ ಗುರಮ್ಮನತ್ತ ತಿರುಗಿ ಮರಾಠಿಯಲ್ಲಿ ರೇಗಿದರು.

“ಏನಂತಾರ್ರೀ ಅಣ್ಣಾರ?” ಎಂದಳು ಗುರಮ್ಮ.

ಈ ಸಲ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. “ಇದನ್ನು ಎರಡು ವರ್ಷದ ಹಿಂದೆಯೇ ಯಾಕೆ ಹೇಳಲಿಲ್ಲ ಅಂತ ನಿನ್ನನ್ನು ಕೇಳ್ತಿದ್ದಾರಮ್ಮ.”

ಅವಳು ಗಂಡನ ಬೆನ್ನು ತಿಕ್ಕುತ್ತಲೇ ನನ್ನ ಮುಖ ನೋಡಿದಳು.

“ಅವತ್ತೇ ಹೇಳೀನಂತ ಹೇಳ್ರಿ,” ಎಂದಳು.